ಮುದ್ದೆ ಬಿಟ್ಟು ಓಡಿದರೆ

ನಮ್ಮ ಭಾವ ಮುದ್ದೆ ಬಿಟ್ಟರು. ಮಂಡ್ಯ ಕಡೆಯವರಿಗೆ ಈ ಮಾತಿನ ತೂಕ ವಿವರಿಸಬೇಕಾಗಿಲ್ಲ. ಐವತ್ತೆರಡು ವರ್ಷ ದಿನಕ್ಕೆರಡು ಹೊತ್ತು ಮುದ್ದೆ ನುಂಗಿದವರು, ಮದುವೆ ಮನೆಯಲ್ಲೂ ‘ಹಿಟ್ಟಿಲ್ವೇನಯ್ಯಾ?’ ಅಂತ ಬಡಿಸುವವರನ್ನು ಕೇಳುತ್ತಿದ್ದವರು, ಒಂದು ಸೋಮವಾರ ಬೆಳಿಗ್ಗೆ ‘ಇನ್ಮೇಲೆ ನಂಗೆ ಹಿಟ್ಟೂ ಬೇಡ, ಅನ್ನಾನೂ ಬೇಡ’ ಅಂದುಬಿಟ್ಟರು. ಅಕ್ಕ ಗಾಬರಿಯಿಂದ ನನಗೆ ಫೋನ್ ಮಾಡಿದಳು. ‘ನಿಮ್ ಭಾವಂಗೆ ಏನೋ ಆಗಿದೆ ಕಣೋ.’

ಆಗಿದ್ದು ಶುಗರ್. ಹತ್ತು ವರ್ಷದಿಂದ ಇದ್ದದ್ದೇ, ಆದರೆ ಆ ಸಲ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಿಪೋರ್ಟು 9.4 ಬಂದಿತ್ತು. ಡಾಕ್ಟರು ಕೂರಿಸಿಕೊಂಡು ಮಾತಾಡಿದರು. ಕಾರ್ಬೊಹೈಡ್ರೇಟ್ ಪೂರಾ ಇಳಿಸಿ, ಕೊಬ್ಬಿನಿಂದ ಹೊಟ್ಟೆ ತುಂಬಿಸುವ ಕೀಟೊ ಊಟವನ್ನು ಅವರ ಕಣ್ಗಾವಲಲ್ಲೇ ಶುರು ಮಾಡಿದ್ದಾಯಿತು. ಮಾತ್ರೆಗಳನ್ನೂ ಮೊದಲ ವಾರದಲ್ಲೇ ಬದಲಾಯಿಸಿದರು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ವಾಟ್ಸಾಪಿನಲ್ಲಿ ಈ ಭಾಗ ಮಾತ್ರ ಬರುವುದಿಲ್ಲ. ಶುಗರ್ ಇಳಿಸುವ ಮಾತ್ರೆ ಹಾಗೇ ನುಂಗುತ್ತಾ ಅನ್ನ ಬಿಟ್ಟರೆ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಅಂತ ಬರುವ ಮಾತ್ರೆ ತಗೊಳ್ಳುವವರು ಕೀಟೊ ಮಾಡಿದರೆ ರಕ್ತದಲ್ಲಿ ಆಮ್ಲ ಏರಿ ಆಸ್ಪತ್ರೆ ಸೇರುವ ಅಪಾಯವೂ ಇದೆ.

ಏನೇ ಇರಲಿ, ಭಾವನಿಗೆ ಅದು ಹಿಡಿಸಿತು. ಎಂಟು ತಿಂಗಳಲ್ಲಿ 11 ಕೆಜಿ ಇಳಿದರು, ರಿಪೋರ್ಟು 6.5ಕ್ಕೆ ಬಂತು. ಬೆಳಿಗ್ಗೆ ತುಪ್ಪದಲ್ಲಿ ಮೊಟ್ಟೆ, ಮಧ್ಯಾಹ್ನ ಸೊಪ್ಪು ಪಲ್ಯ, ಪನೀರು, ಕಾಯಿ ತುರಿ, ರಾತ್ರಿ ಕೋಳಿ. ಅನ್ನದ ಜಾಗದಲ್ಲಿ ತುರಿದ ಹೂಕೋಸು. ಅಕ್ಕ ಅದನ್ನು ಇವತ್ತಿಗೂ ‘ಕೋಸಿನ ಪುಡಿ’ ಅಂತಲೇ ಕರೆಯುವುದು. ಮನುಷ್ಯ ಹಗುರಾದರು, ಮುಖದಲ್ಲಿ ಕಳೆ ಬಂತು, ಮೆಟ್ಟಿಲು ಹತ್ತಿದರೆ ಏದುಸಿರು ಇಲ್ಲ. ಇಲ್ಲಿಗೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಹೊಸದಾಗಿ ಧರ್ಮ ಸೇರಿದವರ ಹುರುಪು ನಿಮಗೆ ಗೊತ್ತಲ್ಲ. ಮೊದಲು ಅಕ್ಕನಿಗೆ, ಆಮೇಲೆ ನನಗೆ, ಆಮೇಲೆ ಹಾಲು ಹಾಕುವ ಹುಡುಗನಿಗೆ. ಕೊನೆಗೆ ಮಗಳಿಗೆ.

ಅಕ್ಕನ ಮಗಳು ಬಿಎಸ್ಸಿ ಎರಡನೇ ವರ್ಷ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಲ್ಲಿ ಓಡಾಟ. ಅದಕ್ಕಿಂತ ಮುಖ್ಯವಾಗಿ ಅವಳು ಓಡುವವಳು. 5000 ಮೀಟರ್. ಕಾಲೇಜು ಮೀಟಿನಲ್ಲಿ 19 ನಿಮಿಷ 10 ಸೆಕೆಂಡಿಗೆ ಮುಗಿಸಿ, 19ರ ಒಳಗೆ ಹೋಗಬೇಕು ಅಂತ ಹಟ ಹಿಡಿದು ಕೂತವಳು. ಭಾವ ಹೋಗುವ ಜಿಮ್ಮಿನ ಟ್ರೈನರ್ ಹೇಳಿದನಂತೆ: ‘ಸರ್, ಮೇಡಂ ಎರಡು ಮೂರು ಕೆಜಿ ಇಳಿಸಿ ಫ್ಯಾಟ್ ಅಡಾಪ್ಟ್ ಆಗಿಬಿಟ್ರೆ ಟೈಮಿಂಗ್ ತಾನಾಗೇ ಬರುತ್ತೆ.’ ಭಾವನ ಪಾಲಿಗೆ ಅದು ವೇದವಾಕ್ಯ. ‘ನನ್ನಂಥ ಮುದುಕನ್ನೇ ಇಷ್ಟು ಸರಿ ಮಾಡ್ತು, ವಯಸ್ಸಿನ ಹುಡುಗಿಗೆ ಇನ್ನೆಷ್ಟು ಮಾಡಬೇಕು ಹೇಳು ಮೇಷ್ಟ್ರೇ’ ಅಂತ ನನ್ನನ್ನೇ ಕೇಳಿದರು. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವನು. ಭಾನುವಾರ ಕುಕ್ಕರಹಳ್ಳಿ ಕೆರೆ ಸುತ್ತ ಓಡುವ ಹವ್ಯಾಸವೂ ಇದೆ. ಹಾಗಾಗಿ ಮನೆಯಲ್ಲಿ ಇಂಥ ತಕರಾರು ಎದ್ದಾಗ ನನಗೆ ಫೋನ್ ಬರುತ್ತೆ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು: ಟ್ರೈನರ್ ಹೇಳಿದ್ದು ಹುಚ್ಚು ಮಾತೇನಲ್ಲ. ಅದರ ಹಿಂದೆ ಲೆಕ್ಕ ಇದೆ. ನಮ್ಮ ದೇಹ ಕಾರ್ಬನ್ನು ಗ್ಲೈಕೊಜೆನ್ ಅನ್ನುವ ರೂಪದಲ್ಲಿ ಕೂಡಿಡುತ್ತೆ. ಲಿವರಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 300ರಿಂದ 500 ಗ್ರಾಂ. ಎಲ್ಲ ಸೇರಿಸಿದರೆ ಎರಡು ಸಾವಿರ ಕ್ಯಾಲೊರಿ ಆಸುಪಾಸು. ಮ್ಯಾರಥಾನ್ ಓಡುವವರು 30ನೇ ಕಿಲೋಮೀಟರ್ ದಾಟಿದ ಮೇಲೆ ಕಾಲು ಸೋತು ಕೂರುವುದು ಈ ಉಗ್ರಾಣ ಬರಿದಾದಾಗ. ಅದೇ ಕೊಬ್ಬು ನೋಡಿ, ತೆಳ್ಳಗಿರುವ ಓಟಗಾರನ ಮೈಯಲ್ಲೂ ಐದಾರು ಕೆಜಿ ಇರುತ್ತೆ, ಅಂದರೆ ನಲವತ್ತು ಸಾವಿರ ಕ್ಯಾಲೊರಿಗೂ ಮೇಲೆ. ಸಣ್ಣ ಡಬ್ಬಿ ಬಿಟ್ಟು ದೊಡ್ಡ ಕಣಜದಿಂದ ತೆಗೆಯೋದನ್ನ ಕಲಿತರೆ ಎಷ್ಟು ದೂರ ಬೇಕಾದರೂ ಹೋಗಬಹುದಲ್ಲ? ಕಾರ್ಬನ್ನು ದಿನಕ್ಕೆ 50 ಗ್ರಾಂ ಒಳಗೆ ಇಳಿಸಿದರೆ ಲಿವರು ಕೊಬ್ಬನ್ನು ಒಡೆದು ಕೀಟೋನ್ ತಯಾರಿಸಲು ಶುರು ಮಾಡುತ್ತೆ, ಮೆದುಳೂ ಅದನ್ನು ಬಳಸುತ್ತೆ. (ನೂರು ಗ್ರಾಂ ರಾಗಿಹಿಟ್ಟಿನಲ್ಲೇ ಸುಮಾರು 70 ಗ್ರಾಂ ಕಾರ್ಬ್ ಇರುತ್ತೆ. ನಮ್ಮ ಅಕ್ಕ ಕಟ್ಟುವ ಒಂದೇ ಮುದ್ದೆಗೆ ಇಡೀ ದಿನದ ಕೀಟೊ ಮುರಿದು ಬೀಳುತ್ತೆ.) ಈ ಊಟ ಹುಟ್ಟಿದ್ದು ಓಟಗಾರರಿಗಾಗಿ ಅಲ್ಲ, ಮೂರ್ಛೆರೋಗದ ಮಕ್ಕಳಿಗಾಗಿ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಇದಕ್ಕೆ ಕೀಟೊಜೆನಿಕ್ ಅಂತ ಹೆಸರಿಟ್ಟರು. ಔಷಧಿಗೆ ಬಗ್ಗದ ಮೂರ್ಛೆಗೆ ಇವತ್ತಿಗೂ ಕೊಡುತ್ತಾರೆ.

ಓಟದ ಜೊತೆ ಗಂಟು ಬಿದ್ದಿದ್ದು ಮುಖ್ಯವಾಗಿ 1983ರಲ್ಲಿ. ಸ್ಟೀಫನ್ ಫಿನ್ನಿ ಅನ್ನುವ ಅಮೆರಿಕನ್ ವೈದ್ಯರು ಐದು ಜನ ಪಳಗಿದ ಸೈಕಲ್ ಸವಾರರಿಗೆ ನಾಲ್ಕು ವಾರ ಕಟ್ಟುನಿಟ್ಟಿನ ಕೀಟೊ ಊಟ ಹಾಕಿ, ಸುಸ್ತಾಗಿ ನಿಲ್ಲುವವರೆಗೂ ಪೆಡಲ್ ತುಳಿಸಿದರು. ಮೊದಲು ಸರಾಸರಿ 147 ನಿಮಿಷ ತುಳಿದಿದ್ದರು, ಕೀಟೊ ಆದಮೇಲೆ 151. ಅಂದರೆ ಕಾರ್ಬ್ ಇಲ್ಲದೆಯೂ ಮನುಷ್ಯ ತುಳಿಯಬಲ್ಲ. ಅದು ದೊಡ್ಡ ಸುದ್ದಿಯೇ. ಆದರೆ ಐದೇ ಜನ, ಅದರಲ್ಲೂ ಒಬ್ಬನ ಸಮಯ ಭಾರಿ ಏರಿ ಸರಾಸರಿಯನ್ನು ಎತ್ತಿ ಹಿಡಿದಿತ್ತು. ಇನ್ನೊಂದು ವಿಷಯ, ಅವರು ತುಳಿದದ್ದು ತಮ್ಮ ಗರಿಷ್ಠ ಸಾಮರ್ಥ್ಯದ ಮೂರನೇ ಎರಡು ಭಾಗಕ್ಕೂ ಸ್ವಲ್ಪ ಕಮ್ಮಿ ಜೋರಿನಲ್ಲಿ. ಪಕ್ಕದವನ ಜೊತೆ ಮಾತಾಡಿಕೊಂಡು ಹೋಗಬಹುದಾದ ವೇಗ. ಈ ಕೊನೆಯ ವಿಷಯ ನೆನಪಿಟ್ಟುಕೊಳ್ಳಿ.

2016ರಲ್ಲಿ ಜೆಫ್ ವೋಲೆಕ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತಿಂಗಳುಗಟ್ಟಲೆ ಕಾರ್ಬ್ ಬಿಟ್ಟಿದ್ದ ಹತ್ತು ಜನ ದೂರದ ಓಟಗಾರರನ್ನು, ಕಾರ್ಬ್ ತಿನ್ನುವ ಇನ್ನು ಹತ್ತು ಜನರ ಜೊತೆ ಹೋಲಿಸಿ ನೋಡಿದರು. ಕಾರ್ಬ್ ತಿನ್ನುವವರು ನಿಮಿಷಕ್ಕೆ ಹೆಚ್ಚೆಂದರೆ 0.67 ಗ್ರಾಂ ಕೊಬ್ಬು ಉರಿಸಿದರೆ, ಬಿಟ್ಟವರು 1.54 ಗ್ರಾಂ ಉರಿಸುತ್ತಿದ್ದರು. ಎರಡರಷ್ಟಕ್ಕೂ ಮೇಲೆ! ಪಠ್ಯಪುಸ್ತಕದಲ್ಲಿ ಸಾಧ್ಯವಿಲ್ಲ ಅಂತ ಇದ್ದ ಅಂಕಿ ಅದು. ಟ್ರೈನರ್ ಭಾವನಿಗೆ ತೋರಿಸಿದ ವಿಡಿಯೋದಲ್ಲಿ ಬರುವುದೂ ಇದೇ ಅಂಕಿ. ಸುಳ್ಳಲ್ಲ. ಆದರೆ ಕೊಬ್ಬು ಜಾಸ್ತಿ ಉರಿಸುವುದು ಬೇರೆ, ಬೇಗ ಓಡುವುದು ಬೇರೆ.

ಹಳ್ಳಿ ಮನೆಯ ಹಂಡೆ ಒಲೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ದಪ್ಪ ಕೊರಡು ಹಾಕಿದರೆ ರಾತ್ರಿಯೆಲ್ಲಾ ಉರಿಯುತ್ತೆ, ಆದರೆ ನೀರು ಕುದಿಯೋಕೆ ಹೊತ್ತು ಬೇಕು. ನೆಂಟರು ಬಂದು ಬೇಗ ಬಿಸಿನೀರು ಆಗಬೇಕಾದರೆ ಒಣಗಿದ ತೆಂಗಿನ ಗರಿ ತುರುಕುತ್ತೀವಿ. ಕೊಬ್ಬು ಕೊರಡು, ಗ್ಲೈಕೊಜೆನ್ ಗರಿ. ಇದರ ಮೇಲೆ ಇನ್ನೊಂದು ಸೂಕ್ಷ್ಮ ಇದೆ: ಆಕ್ಸಿಜನ್. ಒಂದು ಲೀಟರ್ ಆಕ್ಸಿಜನ್ನಿನಿಂದ ಕಾರ್ಬ್ ಉರಿಸಿದರೆ ಸುಮಾರು 5 ಕ್ಯಾಲೊರಿ ಶಕ್ತಿ ಸಿಗುತ್ತೆ. ಅದೇ ಲೀಟರಿನಿಂದ ಕೊಬ್ಬು ಉರಿಸಿದರೆ 4.7. ಇದೇನು ಹೊಸ ಸಂಶೋಧನೆ ಅಲ್ಲ. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಮತ್ತು ಲಿಂಡ್‌ಹಾರ್ಡ್ 1920ರಲ್ಲೇ ಜನರನ್ನು ಸೈಕಲ್ ಯಂತ್ರದ ಮೇಲೆ ಕೂರಿಸಿ ಅಳೆದಿದ್ದರು. ಕೊಬ್ಬಿನ ಊಟದ ದಿನಗಳಲ್ಲಿ ಅದೇ ಕೆಲಸಕ್ಕೆ ಖರ್ಚು ಹೆಚ್ಚು ಬಿತ್ತು, ತುಳಿದವರಿಗೆ ದಣಿವೂ ಹೆಚ್ಚಾಯಿತು.

ಮೆಲ್ಲಗೆ ಓಡುವಾಗ ಈ ಆರೇಳು ಶೇಕಡಾ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ. ಉಸಿರಾಟದಲ್ಲಿ ಇನ್ನೂ ಅವಕಾಶ ಇರುತ್ತೆ, ಸ್ವಲ್ಪ ಜಾಸ್ತಿ ಉಸಿರು ಎಳೆದುಕೊಂಡರಾಯಿತು. ಆದರೆ 5000 ಮೀಟರ್ ಸ್ಪರ್ಧೆಯಲ್ಲಿ ಹುಡುಗಿ ತನ್ನ ಆಕ್ಸಿಜನ್ ಸಾಮರ್ಥ್ಯದ ತುತ್ತತುದಿಯಲ್ಲಿ ಓಡುತ್ತಿರುತ್ತಾಳೆ. ಅಲ್ಲಿ ಹೆಚ್ಚುವರಿ ಉಸಿರು ಎಲ್ಲಿಂದ ತರೋದು? ಸಿಗುವ ಆಕ್ಸಿಜನ್ ಅಷ್ಟೇ, ಅದರಿಂದ ಹುಟ್ಟುವ ಶಕ್ತಿ ಕಮ್ಮಿಯಾದರೆ ವೇಗ ಇಳಿಯಲೇಬೇಕು. ಇನ್ನು ಉಗ್ರಾಣದ ಲೆಕ್ಕ ಮಾಡಿ ನೋಡೋಣ. ಓಟಕ್ಕೆ ಕಿಲೋಮೀಟರಿಗೆ, ಮೈತೂಕದ ಪ್ರತಿ ಕೆಜಿಗೆ, ಹೆಚ್ಚೂಕಮ್ಮಿ ಒಂದು ಕ್ಯಾಲೊರಿ ಖರ್ಚು. 49 ಕೆಜಿ ಹುಡುಗಿ, ಐದು ಕಿಲೋಮೀಟರ್: 250 ಕ್ಯಾಲೊರಿಯೂ ಇಲ್ಲ. ಅವಳ ಸ್ನಾಯುವಿನಲ್ಲಿ ಅದರ ನಾಲ್ಕು ಪಟ್ಟಿಗೂ ಹೆಚ್ಚು ಗ್ಲೈಕೊಜೆನ್ ಕೂತಿದೆ. ಅಂದರೆ ಕೀಟೊ ಪರಿಹರಿಸುವ ಸಮಸ್ಯೆಯೇ ಅವಳಿಗಿಲ್ಲ, ಕೀಟೊ ತರುವ ಸಮಸ್ಯೆ ಮಾತ್ರ ಇದೆ. ಭಾವನಿಗೆ ಇದನ್ನ ಹಾಳೆ ಮೇಲೆ ಬರೆದು ತೋರಿಸಿದೆ. ‘ನಿನ್ನ ಲೆಕ್ಕ ಪುಸ್ತಕದ್ದು ಕಣಯ್ಯ. ನಿಜವಾಗ್ಲೂ ಓಡ್ಸಿ ನೋಡಿದಾರಾ?’ ಅಂದರು. ಒಳ್ಳೆ ಪ್ರಶ್ನೆ. ನಡೆಸಿ ನೋಡಿದ್ದಾರೆ.

ನಡಿಗೆ ಸ್ಪರ್ಧೆಯನ್ನು ನಮ್ಮಲ್ಲಿ ನೋಡಿ ನಗುವವರೇ ಹೆಚ್ಚು. ಸೊಂಟ ತಿರುಗಿಸಿಕೊಂಡು ಹೋಗುವ ಆ ನಡಿಗೆ ನಮ್ಮ ಓಟಕ್ಕಿಂತ ವೇಗ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಜಗತ್ತಿನ ಮುಂಚೂಣಿಯ ನಡಿಗೆಗಾರರು ಹತ್ತು ಕಿಲೋಮೀಟರನ್ನು ನಲವತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಒಂದು ಕಾಲು ಸದಾ ನೆಲಕ್ಕೆ ತಾಗಿರಬೇಕು, ಮುಂದಿನ ಕಾಲು ನೆಲ ಮುಟ್ಟಿದಾಗ ಮಂಡಿ ಬಾಗಿರಬಾರದು. ಈ ಕಟ್ಟಳೆಯೊಳಗೆ ಪ್ರತಿ ಹೆಜ್ಜೆಯ ಆಕ್ಸಿಜನ್ ಖರ್ಚೂ ಲೆಕ್ಕಕ್ಕೆ ಬರುತ್ತೆ. ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ಆಹಾರ ವಿಜ್ಞಾನಿ ಲೂಯಿಸ್ ಬರ್ಕ್ ಇಂಥ ಅಂತರರಾಷ್ಟ್ರೀಯ ಮಟ್ಟದ ನಡಿಗೆಗಾರರನ್ನು ಒಂದೆಡೆ ಸೇರಿಸಿದರು. ಮೂರು ವಾರ ಕಠಿಣ ತರಬೇತಿ, ಎಲ್ಲರಿಗೂ ಅಲ್ಲೇ ಅಡುಗೆ. ಒಂದು ಗುಂಪಿಗೆ ಕಾರ್ಬ್ ಧಾರಾಳ. ಇನ್ನೊಂದಕ್ಕೆ ಒಟ್ಟು ಕಾರ್ಬ್ ಅಷ್ಟೇ, ಆದರೆ ಕೆಲವು ತರಬೇತಿ ಮಾತ್ರ ಕಾರ್ಬ್ ಇಲ್ಲದೆ. ಮೂರನೆಯದಕ್ಕೆ ಕೀಟೊ, ದಿನಕ್ಕೆ 50 ಗ್ರಾಂ ಕಾರ್ಬ್ ಒಳಗೆ, ಮುಕ್ಕಾಲು ಪಾಲಿಗೂ ಮೇಲೆ ಕೊಬ್ಬು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು.

ಮೂರೂ ಗುಂಪಿನವರ ಗರಿಷ್ಠ ಆಕ್ಸಿಜನ್ ಸಾಮರ್ಥ್ಯ ತರಬೇತಿಯಿಂದ ಏರಿತ್ತು. ಕೀಟೊ ಗುಂಪು ವೋಲೆಕ್ ಹೇಳಿದಷ್ಟೇ ಕೊಬ್ಬು ಉರಿಸುತ್ತಿತ್ತು, ಅದೂ ಮೂರೇ ವಾರದಲ್ಲಿ. ಆದರೆ 10 ಕಿಲೋಮೀಟರ್ ಸ್ಪರ್ಧೆಯಲ್ಲಿ? ಧಾರಾಳ ಕಾರ್ಬಿನವರು ತಮ್ಮ ಮೊದಲಿನ ಸಮಯಕ್ಕಿಂತ ಶೇ. 6.6 ಬೇಗ, ಎರಡನೆಯ ಗುಂಪು ಶೇ. 5.3 ಬೇಗ. ಕೀಟೊ ಗುಂಪು ಶೇ. 1.6 ನಿಧಾನ. ಅಂದರೆ ಮೂರು ವಾರ ಬೆವರು ಹರಿಸಿದ್ದಕ್ಕೆ ಬಂದ ಫಲವನ್ನೆಲ್ಲ ಊಟ ನುಂಗಿ ಹಾಕಿತ್ತು. ಅದೇ ವೇಗದಲ್ಲಿ ನಡೆಯಲು ಅವರಿಗೆ ಮೊದಲಿಗಿಂತ ಹೆಚ್ಚು ಆಕ್ಸಿಜನ್ ಬೇಕಾಗುತ್ತಿತ್ತು. ಕ್ರೋಗ್ 1920ರಲ್ಲಿ ಹೇಳಿದ್ದು ಸುಮಾರು ನೂರು ವರ್ಷ ಆದಮೇಲೆ ಒಲಿಂಪಿಕ್ಸ್ ಮಟ್ಟದ ಕಾಲುಗಳಲ್ಲಿ ಕಾಣಿಸಿಕೊಂಡಿತು.

ಇಲ್ಲೊಂದು ಸ್ವಾರಸ್ಯ. ಅಲ್ಲಿ ಕೀಟೊ ತಿಂದವರಲ್ಲಿ ಕೆನಡಾದ ಇವಾನ್ ಡನ್‌ಫೀ ಒಬ್ಬ. ಶಿಬಿರ ಮುಗಿದು ಮತ್ತೆ ಕಾರ್ಬಿಗೆ ಮರಳಿ ಕೆಲವೇ ವಾರದಲ್ಲಿ, ಡಿಸೆಂಬರ್ 2015ರಲ್ಲಿ, ಮೆಲ್ಬರ್ನಿನಲ್ಲಿ 50 ಕಿಲೋಮೀಟರ್ ನಡಿಗೆಯ ಕೆನಡಾ ದಾಖಲೆ ಮುರಿದ! ಕೀಟೊ ಪಕ್ಷದವರಿಗೆ ಇನ್ನೇನು ಬೇಕು. ಬಹುಶಃ ಕೀಟೊ ಮಾಡಿ ಆಮೇಲೆ ಕಾರ್ಬ್ ತಿಂದರೆ ಎರಡೂ ಕಡೆಯ ಲಾಭ ಸಿಗುತ್ತೇನೋ ಅಂತ. ಬರ್ಕ್ ಆ ಮಾತನ್ನು ತಳ್ಳಿಹಾಕಲಿಲ್ಲ. ಮತ್ತೊಂದು ಶಿಬಿರ ನಡೆಸಿ, ಕೀಟೊ ಆದಮೇಲೆ ಕಾರ್ಬ್ ತುಂಬಿಸಿ 20 ಕಿಲೋಮೀಟರ್ ಸ್ಪರ್ಧೆಗೆ ಇಳಿಸಿ ನೋಡಿದರು. 2020ರಲ್ಲಿ ಅದೂ ಪ್ರಕಟವಾಯಿತು. ಕೀಟೊದಲ್ಲಿದ್ದಾಗ ವೇಗ ಇಳಿಯುವುದು ಮತ್ತೆ ಕಂಡಿತು, ಆಮೇಲೆ ವಿಶೇಷ ಲಾಭವೇನೂ ಕಾಣಲಿಲ್ಲ. ಒಬ್ಬ ಗೆದ್ದ ಅನ್ನೋದು ಕಥೆ ಆಗುತ್ತೆ, ಪುರಾವೆ ಆಗಲ್ಲ. ಭಾವನ ಹನ್ನೊಂದು ಕೆಜಿಗೂ ಇದೇ ಮಾತು ಅನ್ನಬೇಕು ಅನಿಸಿತ್ತು, ಊಟಕ್ಕೆ ಕೂತಿದ್ದೆವು ಅಂತ ಸುಮ್ಮನಾದೆ.

ಭಾವನ ಬತ್ತಳಿಕೆಯಲ್ಲಿ ಇನ್ನೊಂದು ಬಾಣ ಇತ್ತು, ಟಿಮ್ ನೋಕ್ಸ್. ದಕ್ಷಿಣ ಆಫ್ರಿಕಾದ ಈ ಪ್ರೊಫೆಸರು ಸಾಮಾನ್ಯರಲ್ಲ. ಅವರ ‘ಲೋರ್ ಆಫ್ ರನ್ನಿಂಗ್’ ಓಟಗಾರರ ಬೈಬಲ್ಲು, ಅದರಲ್ಲಿ ಅವರೇ ಕಾರ್ಬ್ ತಿನ್ನಿ ಅಂತ ಬರೆದಿದ್ದರು. ಅಷ್ಟೊಂದು ಓಡಿಯೂ ಅವರಿಗೆ ಟೈಪ್ 2 ಸಕ್ಕರೆ ಕಾಯಿಲೆ ಬಂತು. 2010ರಲ್ಲಿ ಪೂರಾ ತಿರುಗಿ ನಿಂತರು, ಪುಸ್ತಕದ ಆ ಭಾಗ ಹರಿದು ಬಿಸಾಕಿ ಅಂತ ಓದುಗರಿಗೇ ಹೇಳಿದರು. ತನ್ನ ಪುಸ್ತಕ ಹರಿಯಿರಿ ಅನ್ನೋಕೆ ಎದೆ ಬೇಕು, ಅದನ್ನ ಮೆಚ್ಚುತ್ತೇನೆ. ಕೂಸಿಗೆ ಕಾರ್ಬ್ ಕಮ್ಮಿ ಊಟ ಕೊಡುವ ಬಗ್ಗೆ 2014ರಲ್ಲಿ ಮಾಡಿದ ಒಂದು ಟ್ವೀಟಿಗೆ ಅಲ್ಲಿನ ವೈದ್ಯಕೀಯ ಮಂಡಳಿ ವರ್ಷಗಟ್ಟಲೆ ವಿಚಾರಣೆ ನಡೆಸಿತು. 2017ರಲ್ಲಿ ದೋಷಮುಕ್ತರಾದರು. ಆದರೆ ಗಮನಿಸಿ, ಅವರ ಕಥೆಯ ಬುಡದಲ್ಲಿರುವುದೂ ಶುಗರ್ರೇ, ನಮ್ಮ ಭಾವನ ಹಾಗೆ. ವೇಗದ ಬಗ್ಗೆ ಕೇಳಿದರೆ, 2006ರಲ್ಲಿ ಕೇಪ್‌ಟೌನಿನ ತಂಡವೊಂದು 100 ಕಿಲೋಮೀಟರ್ ಸೈಕಲ್ ಪರೀಕ್ಷೆ ನಡೆಸಿತ್ತು, ಮಧ್ಯೆ ಮಧ್ಯೆ ಒಂದೊಂದು ಕಿಲೋಮೀಟರ್ ಜೋರು ಓಟ. ಕೊಬ್ಬಿನ ಊಟಕ್ಕೆ ಒಗ್ಗಿದವರ ಶಕ್ತಿ ಆ ಜೋರಿನಲ್ಲೇ ಇಳಿದಿತ್ತು. ಆ ಪ್ರಬಂಧದ ಲೇಖಕರಲ್ಲಿ ಒಬ್ಬರು ಟಿಮ್ ನೋಕ್ಸ್!

ಹಾಗಂತ ಎದುರು ಪಕ್ಷದಲ್ಲಿ ಏನೂ ಇಲ್ಲ ಅಂತಲ್ಲ. ಇಟಲಿಯ ಎಂಟು ಜಿಮ್ನಾಸ್ಟರು 30 ದಿನ ಕೀಟೊ ಮಾಡಿ, ಬಲ ಕಳೆದುಕೊಳ್ಳದೆ ಕೊಬ್ಬು ಇಳಿಸಿದ ವರದಿ 2012ರಲ್ಲಿ ಬಂದಿದೆ. ಅವರ ಕಸರತ್ತು ಕೆಲವು ಸೆಕೆಂಡುಗಳದ್ದು, ಅದರ ಇಂಧನವೇ ಬೇರೆ. 2023ರಲ್ಲಿ ನೋಕ್ಸ್ ಕೂಡ ಇದ್ದ ತಂಡವೊಂದು ಮಧ್ಯವಯಸ್ಸಿನ ಹತ್ತು ಓಟಗಾರರಿಗೆ ಒಂದು ತಿಂಗಳು ಆ ಊಟ, ಒಂದು ತಿಂಗಳು ಈ ಊಟ ಕೊಟ್ಟು ಮೈಲಿ ಓಡಿಸಿದಾಗ ಸಮಯದಲ್ಲಿ ವ್ಯತ್ಯಾಸ ಸಿಗಲಿಲ್ಲ. ಕಾರ್ಬ್ ತಿಂಗಳಲ್ಲಿ ಕೆಲವರ ರಕ್ತದ ಸಕ್ಕರೆ ಶುಗರ್ ಅಂಚಿಗೆ ಬಂದಿತ್ತು ಕೂಡ. ನನ್ನ ವಯಸ್ಸಿನವರು ಓದಲೇಬೇಕಾದ ಪ್ರಬಂಧ ಅದು. ನಲವತ್ತೈದರ ಗಂಡಸು ಹೊಟ್ಟೆ ಇಳಿಸಿ, ಶುಗರ್ ತಡೆದು, ಭಾನುವಾರ ಹತ್ತು ಕಿಲೋಮೀಟರ್ ಓಡಿದರೆ ಸಾಕು ಅನ್ನುವುದಾದರೆ ಕಾರ್ಬ್ ಕಮ್ಮಿ ಮಾಡಲಿ, ನನ್ನ ಅಡ್ಡಿ ಇಲ್ಲ. ಹತ್ತೊಂಬತ್ತರ ಹುಡುಗಿ ಹತ್ತು ಸೆಕೆಂಡಿಗಾಗಿ ಹೋರಾಡುವಾಗ ಆ ಮನುಷ್ಯನ ಊಟ ಯಾಕೆ?

ಕೆನ್ಯಾದವರನ್ನೂ ನೋಡಿ. ಜಗತ್ತಿನ ದೂರದ ಓಟಗಳನ್ನೆಲ್ಲ ಗೆಲ್ಲುವವರು. 2004ರಲ್ಲಿ ಅಲ್ಲಿನ ಶಿಬಿರವೊಂದರ ಓಟಗಾರರು ತಿನ್ನುವುದನ್ನೆಲ್ಲ ತೂಕ ಮಾಡಿ ಅಳೆದಾಗ, ಶಕ್ತಿಯ ಮುಕ್ಕಾಲು ಪಾಲಿಗೂ ಹೆಚ್ಚು ಕಾರ್ಬಿನಿಂದಲೇ ಬರುತ್ತಿತ್ತು. ಅವರ ಮುಖ್ಯ ಊಟ ಉಗಾಲಿ. ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಕೋಲಲ್ಲಿ ತಿರುವಿ, ಗಟ್ಟಿ ಮಾಡಿ, ಕೈಯಲ್ಲಿ ಮುರಿದು ಸೊಪ್ಪಿನ ಜೊತೆ ತಿನ್ನುವುದು. ಮುದ್ದೆಯ ದಾಯಾದಿ ಅಂದರೆ ತಪ್ಪಿಲ್ಲ. ಮೆಕ್ಕೆಜೋಳ, ಬಣ್ಣ ಬಿಳಿ, ಅಷ್ಟೇ ವ್ಯತ್ಯಾಸ. ಹಾಗಂತ ಮುದ್ದೆ ತಿಂದವರೆಲ್ಲ ಕೆನ್ಯಾದವರಾಗಲ್ಲ, ಆಗುವುದಿದ್ದರೆ ಮಂಡ್ಯಕ್ಕೆ ಇಷ್ಟು ಹೊತ್ತಿಗೆ ಹತ್ತು ಚಿನ್ನ ಬರಬೇಕಿತ್ತು.

ಇದೆಲ್ಲ ನಾನು ಹೇಳುವ ಹೊತ್ತಿಗೆ ಹುಡುಗಿ ಕೀಟೊ ಶುರು ಮಾಡಿ ಒಂಬತ್ತು ವಾರ ಆಗಿತ್ತು. ಮೊದಮೊದಲು ತಲೆನೋವು, ಆಮೇಲೆ ಸರಿಹೋಯಿತು. ನಮ್ಮ ಮನೆಗೆ ಬಂದಾಗ ಅವಳೇ ವಿವರಿಸಿದ್ದು: ‘ಮಾಮ, ನಿಧಾನವಾಗಿ ಎಂಟು ಹತ್ತು ಕಿಲೋಮೀಟರ್ ಓಡೋಕೆ ಏನೂ ತೊಂದ್ರೆ ಇಲ್ಲ. ಹಸಿವೂ ಆಗಲ್ಲ. ಆದ್ರೆ ಸ್ಪೀಡ್ ವರ್ಕ್ ಮಾಡಿದ್ರೆ ಮೂರನೇ ರಿಪೀಟಿಗೇ ಕಾಲು ಬರಲ್ಲ.’ ಅವಳ ಡೈರಿ ನೋಡಿದೆ. 400 ಮೀಟರ್ ರಿಪೀಟುಗಳು 84–85 ಸೆಕೆಂಡಿನಲ್ಲಿ ಇದ್ದದ್ದು 89–90ಕ್ಕೆ ಬಂದು ನಿಂತಿತ್ತು. ಪ್ರಯೋಗಾಲಯದವರು ಯಂತ್ರ ಕಟ್ಟಿ ಅಳೆದದ್ದನ್ನು ಹುಡುಗಿ ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದಳು.

ಆದರೆ ನನ್ನನ್ನು ನಿಜವಾಗಿ ಕಲಕಿದ್ದು ಸೆಕೆಂಡುಗಳಲ್ಲ. ಅಕ್ಕ ನನ್ನ ಹೆಂಡತಿಗೆ ಹೇಳಿ, ಅವಳು ನನಗೆ ಹೇಳಿದ ವಿಷಯ: ಹುಡುಗಿ ಎರಡು ತಿಂಗಳಿಂದ ಮುಟ್ಟಾಗಿಲ್ಲ. 49 ಇದ್ದ ತೂಕ 45.5ಕ್ಕೆ ಇಳಿದಿತ್ತು. ಎಡಗಾಲಿನ ಮುಂಗಾಲ ಮೂಳೆ ಮುಟ್ಟಿದರೆ ನೋವು. ಇದನ್ನೆಲ್ಲ ಅವಳು ‘ಟ್ರೈನಿಂಗ್ ಚೆನ್ನಾಗಿ ಆಗ್ತಿದೆ’ ಅಂತ ತಿಳಿದಿದ್ದಳು! ಓಡುವ ಹುಡುಗಿಯರಲ್ಲಿ ಇದು ಹಳೆಯ ನಂಬಿಕೆ. ಮುಟ್ಟು ನಿಂತರೆ ಮೈ ಪಳಗಿದೆ ಅಂತ ಅರ್ಥವಂತೆ. ಅಲ್ಲವೇ ಅಲ್ಲ. ಓಟಕ್ಕೆ ಖರ್ಚಾಗಿ ಉಳಿದ ಶಕ್ತಿ ಮೈಯ ಉಳಿದ ಕೆಲಸಕ್ಕೆ ಸಾಲದಾದಾಗ ದೇಹ ಒಂದೊಂದೇ ಅಂಗಡಿ ಬಾಗಿಲು ಹಾಕುತ್ತೆ. ಮುಟ್ಟು, ಮೂಳೆ ಕಟ್ಟುವ ಕೆಲಸ, ರೋಗ ತಡೆಯುವ ಶಕ್ತಿ, ಎಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ‘ರೆಡ್-ಎಸ್’ ಅಂತ ಹೆಸರು ಕೊಟ್ಟು, ಹುಡುಗರಿಗೂ ಬರುತ್ತೆ ಅಂತ ಎಚ್ಚರಿಸಿತು. ಕೀಟೊ ಊಟದ ದೊಡ್ಡ ಗುಣವೆಂದು ಎಲ್ಲರೂ ಹೊಗಳುವುದು ಹಸಿವಾಗದಿರುವುದನ್ನು. ಭಾವನಿಗೆ ಅದು ವರ. ದಿನಾ ಓಡುವ ಹುಡುಗಿಗೆ ಹಸಿವಾಗದೇ ಇದ್ದರೆ ಅದೇ ಬಲೆ.

ಬರ್ಕ್ ಅವರ ನಡಿಗೆಗಾರರ ರಕ್ತವನ್ನು ಮೂಳೆಯ ದೃಷ್ಟಿಯಿಂದಲೂ ನೋಡಿದ್ದಾರೆ, 2020ರಲ್ಲಿ ಪ್ರಕಟವಾಗಿದೆ. ಮೂರೂವರೆ ವಾರದ ಕೀಟೊದಲ್ಲೇ ಮೂಳೆ ಕರಗುವುದರ ಗುರುತುಗಳು ಏರಿದ್ದವು, ಕಟ್ಟುವುದರ ಗುರುತುಗಳು ಇಳಿದಿದ್ದವು. ಕಾರ್ಬಿಗೆ ಮರಳಿದಾಗ ಪೂರ್ತಿ ಸರಿಹೋಗಲಿಲ್ಲ, ಸ್ವಲ್ಪ ಮಾತ್ರ. ಅವರಿಗೆ ಊಟ ಅಳೆದು ಸಾಕಷ್ಟು ಕ್ಯಾಲೊರಿ ಹಾಕುತ್ತಿದ್ದರು ಅನ್ನುವುದು ನೆನಪಿರಲಿ. ನಮ್ಮ ಹುಡುಗಿಗೆ ಅಳೆಯುವವರು ಯಾರೂ ಇರಲಿಲ್ಲ. ಅವಳಿಗಾದದ್ದು ಕಾರ್ಬ್ ಬಿಟ್ಟಿದ್ದರಿಂದಲೋ, ಒಟ್ಟಾರೆ ಕಮ್ಮಿ ತಿಂದಿದ್ದರಿಂದಲೋ ಅಂತ ಬಿಡಿಸಿ ಹೇಳಲು ಬರುವುದಿಲ್ಲ, ಎರಡೂ ಜೊತೆಯಲ್ಲೇ ನಡೆದಿತ್ತು.

ಡಾಕ್ಟರ ಹತ್ತಿರ ಹೋಗುವ ವಿಷಯಕ್ಕೆ ಮನೆಯಲ್ಲಿ ಎರಡು ದಿನ ಜಗಳ. ಭಾವ ಬಾಯಿಬಿಟ್ಟು ಒಪ್ಪಲಿಲ್ಲ. ಆದರೆ ಅವತ್ತು ಬೆಳಿಗ್ಗೆ ಅವರೇ ಸ್ಕೂಟರು ಹೊರಗೆ ತೆಗೆದರು. ಮೂಳೆ ಮುರಿದಿರಲಿಲ್ಲ, ಮುರಿಯುವ ಹಾದಿಯಲ್ಲಿತ್ತು. ಆರು ವಾರ ಓಟ ಬಂದ್. ಊಟ ಹೆಚ್ಚಿಸಬೇಕು, ಅನ್ನ ಮುದ್ದೆ ಎಲ್ಲ ಮೊದಲಿನಂತೆ. ಅಪ್ಪನಿಗೆ ಅದೇ ಹಳೆ ಚೀಟಿ, ಮಗಳಿಗೆ ಹೊಸ ಚೀಟಿ. ‘ಒಂದೇ ಮನೆಗೆ ಎರಡು ಶಾಸ್ತ್ರ’ ಅಂತ ಅಕ್ಕ ಗೊಣಗಿದಳು, ಆದರೂ ಎಂಟು ತಿಂಗಳಾದ ಮೇಲೆ ಉಪ್ಸಾರಿಗೆ ಇಬ್ಬರ ಮುದ್ದೆ ತಿರುವುವಾಗ ಅವಳ ಮುಖದಲ್ಲಿದ್ದ ಸಮಾಧಾನ ನಾನು ನೋಡಿದ್ದೇನೆ. ಅವಳೂ ಅಷ್ಟು ದಿನ ಗಂಡನ ದೆಸೆಯಿಂದ ಕೋಸಿನ ಪುಡಿ ತಿಂದಿದ್ದಳು.

ಮುಟ್ಟು ಮರಳಲು ನಾಲ್ಕು ತಿಂಗಳು ಹಿಡಿಯಿತು. ಓಟ ಈಗ ಮತ್ತೆ ಶುರುವಾಗಿದೆ, 19ರ ಒಳಗೆ ಇನ್ನೂ ಬಂದಿಲ್ಲ. ಓಟದ ದಿನ ಏನು ತಿನ್ನಲಿ ಅಂತ ಕೇಳುತ್ತಾಳೆ. ಮೂರು ಗಂಟೆ ಮುಂಚೆ ಇಡ್ಲಿ, ಜೊತೆಗೊಂದು ಬಾಳೆಹಣ್ಣು, ಕಾಯಿ ಚಟ್ನಿ ಕಮ್ಮಿ. ಇದಕ್ಕಿಂತ ಗುಟ್ಟೇನೂ ನನ್ನ ಹತ್ತಿರ ಇಲ್ಲ.

ಭಾವ ಸೋತೆ ಅಂತ ಹೇಳುವವರಲ್ಲ, ನಾನು ಹೇಳಿಸಿಕೊಳ್ಳಲೂ ಹೋಗಿಲ್ಲ. ಅವರ ಕೀಟೊ ಅವರಿಗೆ ಸರಿಯಾಗೇ ನಡೀತಿದೆ, ಮೊನ್ನೆಯ ರಿಪೋರ್ಟು 6.3. ಆದರೆ ನಡಿಗೆ ಸ್ಪರ್ಧೆಯ ಹುಚ್ಚು ಮಾತ್ರ ಹಿಡಿದುಬಿಟ್ಟಿದೆ. ‘ಆ ಕೆನಡಾ ಹುಡ್ಗ ಆಮೇಲೆ ಏನಾದ?’ ಅಂತ ಕೇಳಿದರು. 2021ರ ಆಗಸ್ಟಿನಲ್ಲಿ ಸಪ್ಪೊರೊದಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನ 50 ಕಿಲೋಮೀಟರ್ ನಡಿಗೆಯ ವಿಡಿಯೋ ಹಾಕಿ ತೋರಿಸಿದೆ. ಮೂರು ಮುಕ್ಕಾಲು ಗಂಟೆಗೂ ಮೇಲೆ ನಡೆದು, ಮುಗಿಯಲು ಇನ್ನೇನು ಕೆಲವೇ ನೂರು ಮೀಟರ್ ಇರುವಾಗ ಡನ್‌ಫೀ ಸ್ಪೇನಿನವನನ್ನು ಹಿಂದೆ ಹಾಕಿ ಕಂಚು ಕಿತ್ತುಕೊಳ್ಳುತ್ತಾನೆ. ಭಾವ ಕುರ್ಚಿ ಅಂಚಿಗೆ ಬಂದು ಕೂತಿದ್ದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಬೆಳಿಗ್ಗೆ ಏನು ತಿಂದಿದ್ನಂತೆ?’